ನೀಲಿ ಅಂದ ಮಾತ್ರಕ್ಕೆ ಹೊಸದಾಗುವುದಿಲ್ಲ

ಎಲ್ಲರಿಗೂ ನಮಸ್ಕಾರ. ಅರುಣಾಚಲದಲ್ಲಿ ಸಿಕ್ಕ ಆ ನೀಲಿ ಇರುವೆಯ ಫೋಟೊ ನಿಮ್ಮಲ್ಲಿ ತುಂಬ ಜನರ ಮೊಬೈಲಿಗೆ ಬಂದಿರುತ್ತದೆ. ಹಾಗಾಗಿ ಪೀಠಿಕೆ ಬೇಡ. 2024ರಲ್ಲಿ ಅದನ್ನು ಹೊಸ ಪ್ರಭೇದ ಅಂತ ಹೆಸರಿಟ್ಟ ವೈಜ್ಞಾನಿಕ ವರ್ಣನೆ ಪ್ರಕಟವಾದಾಗ ಎಲ್ಲ ಕಡೆ ಒಂದೇ ಸುದ್ದಿ, ಕಾಡಿನಲ್ಲಿ ಹೊಸ ಇರುವೆ ಸಿಕ್ಕಿತು ಅಂತ. ನನ್ನ ತಕರಾರು ಇಷ್ಟೇ. ಕಾಡಿನಲ್ಲಿ ಸಿಗುವುದು ಬರೀ ಇರುವೆ. ಅದು ಹೊಸದೋ ಹಳೆಯದೋ ಗೊತ್ತಾಗುವುದು ಮೇಜಿನ ಮೇಲೆ, ಬೇರೆ ಇರುವೆಗಳ ಪಕ್ಕದಲ್ಲಿ ಇಟ್ಟು ಹೋಲಿಸಿದಾಗ.

ಮೊದಲು ಕಥೆ ಹೇಳಿಬಿಡುತ್ತೇನೆ. ಅದನ್ನು ಬಿಟ್ಟರೆ ನೀವು ಕ್ಷಮಿಸುವುದಿಲ್ಲ. ಅರುಣಾಚಲದ ಸಿಯಾಂಗ್ ಕಣಿವೆ. 1911-12ರಲ್ಲಿ ಬ್ರಿಟಿಷರು ಅಲ್ಲಿಗೆ ಸೈನ್ಯ ಕಳಿಸಿದಾಗ, ಜೊತೆಗೆ ಜೀವಿಗಳನ್ನು ಸಂಗ್ರಹಿಸುವವರನ್ನೂ ಕಳಿಸಿದ್ದರು. ಯುದ್ಧಕ್ಕೆ ಹೋಗುವಾಗ ಹುಳ ಹಿಡಿಯುವವರನ್ನು ಕರೆದುಕೊಂಡು ಹೋದ ಸರ್ಕಾರ! ಸುಮಾರು ನೂರು ವರ್ಷ ಕಳೆದ ಮೇಲೆ ಅಲ್ಲಿ ಈಗ ಏನಿದೆ ಅಂತ ನೋಡಲು ನಮ್ಮ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಹೋದರು. ಯಿಂಗ್ಕು ಅನ್ನುವ ಹಳ್ಳಿ. ಸಂಜೆಯಾಗುತ್ತಾ ಬಂದಿತ್ತು. ಮರದಲ್ಲಿ ಸುಮಾರು ಹತ್ತು ಅಡಿ ಮೇಲೆ ಒಂದು ಪೊಟರೆ. ಅದರೊಳಗೆ ಏನೋ ಮಿನುಗಿತು. ಬೆಳಕು ಸಾಲದು. ಆದರೂ ಎರಡು ಹುಳಗಳನ್ನು ಆಸ್ಪಿರೇಟರ್‌ಗೆ ಎಳೆದುಕೊಂಡರು.

ಈ ಆಸ್ಪಿರೇಟರ್ ಬಗ್ಗೆ ಒಂದು ಮಾತು. ಚಿಕ್ಕ ಬಾಟಲಿ, ಅದಕ್ಕೆ ಎರಡು ಕೊಳವೆ. ಒಂದನ್ನು ಬಾಯಲ್ಲಿಟ್ಟು ಉಸಿರು ಎಳೆದರೆ ಇನ್ನೊಂದರಿಂದ ಹುಳ ಬಂದು ಬಾಟಲಿಗೆ ಬೀಳುತ್ತದೆ. ಬಾಯಿ ಕಡೆಯ ಕೊಳವೆಗೆ ಸಣ್ಣ ಜಾಲರಿ ಇರುತ್ತದೆ. ಜಾಲರಿ ಹರಿದಿದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಾ? ಅದು ಸರಿಯಾಗಿದ್ದರೂ ಪೂರ್ತಿ ಕ್ಷೇಮವಲ್ಲ. ಈ ನೀಲಿ ಇರುವೆ ಸೇರುವ ಉಪಕುಟುಂಬದ ಇರುವೆಗಳಿಗೆ ಕುಟುಕುವ ಕೊಂಡಿ ಇಲ್ಲ. ಅದರ ಬದಲು ಫಾರ್ಮಿಕ್ ಆಮ್ಲ ಚಿಮ್ಮಿಸುತ್ತವೆ. ಜಾಸ್ತಿ ಇರುವೆ ಎಳೆದರೆ ಆ ಆವಿ ನೇರವಾಗಿ ಗಂಟಲಿಗೆ. ಸಂಶೋಧನೆಗೆ ರುಚಿಯೂ ಇದೆ ನೋಡಿ, ಹುಳಿ.

ಬಾಟಲಿಯಲ್ಲಿ ನೋಡಿದರೆ ಇರುವೆಗಳು! ಎರಡು ಮಿಲಿಮೀಟರ್ ಕೂಡ ಇಲ್ಲ, ಆದರೆ ಲೋಹದ ಹಾಗೆ ಹೊಳೆಯುವ ನೀಲಿ. ಮೀಸೆ, ದವಡೆ, ಕಾಲು ಬಿಟ್ಟು ಹೆಚ್ಚೂಕಮ್ಮಿ ಇಡೀ ಮೈ ನೀಲಿ. ಅಷ್ಟಿದ್ದರೆ ಹೊಸದು ಅನ್ನಬಹುದಲ್ವಾ? ಆಗುವುದಿಲ್ಲ. ಬಣ್ಣದ ಮಾತು ಎತ್ತಿದರೆ ಜೀವಿಗಳನ್ನು ಗುರುತಿಸಿ ವರ್ಗೀಕರಿಸುವವರು ಹುಬ್ಬು ಗಂಟಿಕ್ಕುತ್ತಾರೆ. ಒಂದೇ ಪ್ರಭೇದದೊಳಗೂ ಬಣ್ಣ ಬದಲಾಗುತ್ತದೆ. ಹಳೆಯ ಮಾದರಿಗಳಲ್ಲಿ ಮಾಸಿಯೂ ಹೋಗುತ್ತದೆ.

ಹಾಗಾದರೆ ಏನು ನೋಡುತ್ತಾರೆ? ಕೂದಲು. ತಮಾಷೆಯಲ್ಲ. ಚಿಕ್ಕ ತ್ರಿಕೋನದ ಕಾಗದ ಕತ್ತರಿಸಿ, ಅದರ ತುದಿಗೆ ಇರುವೆಯನ್ನು ಅಂಟಿಸಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಮೈಮೇಲಿನ ನಿಂತ ಕೂದಲು ಎಣಿಸುತ್ತಾರೆ. ಈ ಇರುವೆಯ ಕುಲದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ಹೆಸರು ಪ್ಯಾರಾಪ್ಯಾರಾಟ್ರೆಕಿನಾ. (ಇರುವೆಗಿಂತ ಹೆಸರೇ ಉದ್ದ.) ಎದೆಯ ಹಿಂತುದಿಯಲ್ಲಿ ನೆಟ್ಟಗೆ ನಿಂತ ಒಂದು ಜೊತೆ ಕೂದಲು ಈ ಕುಲದ ಮುಖ್ಯ ಗುರುತು. ಆಮೇಲೆ ತಲೆಯ ಉದ್ದ, ಅಗಲ, ಕಣ್ಣು, ಮೀಸೆಯ ಮೊದಲ ಗೆಣ್ಣು, ಎಲ್ಲದರ ಅಳತೆ. ಈ ಇರುವೆಗೆ ತ್ರಿಕೋನಾಕಾರದ ತಲೆ, ದೊಡ್ಡ ಕಣ್ಣು, ದವಡೆಯಲ್ಲಿ ಐದು ಹಲ್ಲು. ಆಮೇಲೂ ಮತ್ತೆ ಅದೇ ಕೆಲಸ, ಹೋಲಿಸಬೇಕು.

ಯಾವುದರ ಜೊತೆ? ಇಲ್ಲಿ ಫೊರೆಲ್ ಬರುತ್ತಾರೆ. ನಮ್ಮ ಉಪಖಂಡದಿಂದ ಈ ಕುಲಕ್ಕೆ ಸೇರುವ ಇರುವೆಯನ್ನು ಹಿಂದೆ ವರ್ಣಿಸಿದವರು ಆಗಸ್ಟ್ ಫೊರೆಲ್, 1902ರಲ್ಲಿ. ಆಮೇಲೆ 121 ವರ್ಷ ಒಂದೂ ಹೊಸದು ಸೇರಲಿಲ್ಲ. ಫೊರೆಲ್ ಸ್ವಿಟ್ಜರ್ಲೆಂಡಿನ ಮನೋವೈದ್ಯರು, ಒಂದು ದೊಡ್ಡ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರು. ಬಿಡುವಿನಲ್ಲಿ ಇರುವೆ. ಆ ದೇಶ ಅವರ ಚಿತ್ರವನ್ನು 1000 ಫ್ರಾಂಕಿನ ನೋಟಿನ ಮೇಲೆ ಹಾಕಿತ್ತು. ಹಿಂಬದಿಯಲ್ಲಿ ಇರುವೆಗಳು! ಇರುವೆ ನೋಡುವವರಿಗೆ ಕಾಸಿಲ್ಲ ಅನ್ನುವವರಿಗೆ ನಾನು ಈ ನೋಟಿನ ಕಥೆ ಹೇಳುತ್ತೇನೆ.

ನಮ್ಮ ನೀಲಿ ಇರುವೆಯನ್ನು ವರ್ಣಿಸಿದವರು ಏಟ್ರೀಯ ಸಹನಶ್ರೀ, ಪ್ರಿಯದರ್ಶನನ್ ಮತ್ತು ಅವರ ಜೊತೆಗಾರ ಅಶ್ವಜ್ ಪುನ್ನತ್. ಇಟ್ಟ ಹೆಸರು ನೀಲಾ. ವರ್ಣಿಸುವಾಗ ಒಂದು ಇರುವೆಯನ್ನು ಹೋಲೋಟೈಪ್ ಅಂತ ಗುರುತಿಸಬೇಕು. ಹೆಸರು ನಿಲ್ಲುವುದು ಆ ಒಂದೇ ಇರುವೆಯ ಮೇಲೆ. ಮುಂದೆ ಯಾರಿಗೆ ಅನುಮಾನ ಬಂದರೂ ಅದನ್ನೇ ತೆಗೆದು ನೋಡಬೇಕು.

ಓ, ಸಮಯವಾಯಿತು ಅಂತ ಚೀಟಿ ಬಂತು. ಇನ್ನೂ ಮೂರು ವಿಷಯ ಇತ್ತು. ಡಿಎನ್‌ಎ ಬಿಡೋಣ, ಅದೂ ಹೋಲಿಕೆಯೇ. ಸಿಯಾಂಗ್ ನದಿಗೆ ಯೋಜಿಸಿರುವ ದೊಡ್ಡ ಅಣೆಕಟ್ಟಿನ ಬಗ್ಗೆ ನೀವು ಪತ್ರಿಕೆಯಲ್ಲಿ ಓದಿದ್ದೀರಿ, ಅದನ್ನು ಪ್ರಶ್ನೋತ್ತರದಲ್ಲಿ ನೋಡೋಣ. ಮೂರನೆಯದು ಮಾತ್ರ ಹೇಳಿಬಿಡುತ್ತೇನೆ. ಜೀವಿಯೊಂದನ್ನು ಸಂಗ್ರಹಿಸಿದ ದಿನದಿಂದ ಅದಕ್ಕೆ ಹೆಸರು ಸಿಗುವವರೆಗೆ ಸರಾಸರಿ 21 ವರ್ಷ ಬೇಕಾಗುತ್ತದೆ ಅಂತ 2012ರ ಒಂದು ಅಧ್ಯಯನ ತೋರಿಸಿತು. ಅಂದರೆ ಹೊಸ ಇರುವೆಗಳು ಈಗಾಗಲೇ ಮ್ಯೂಸಿಯಮ್ಮುಗಳ ಡಬ್ಬಿಗಳಲ್ಲಿ, ಲೇಬಲ್ ಸಮೇತ ಕೂತಿವೆ. ಕಾಡಿಗೆ ಹೋಗಲು ಹಣ ಕೊಡುವವರು ಆ ಡಬ್ಬಿ ತೆರೆದು ಕೂರುವವರಿಗೂ ಸಂಬಳ ಕೊಡಲಿ.

ಪ್ರಶ್ನೆಗಳಿದ್ದರೆ ಕೇಳಿ.