ಊಟ ಆಯ್ತಾ ಅಂತ ಕೇಳುವವರು
(ವಿಶ್ವ ನಗೆ ದಿನದಂದು ಬಡಾವಣೆಯ ನಗೆಕೂಟದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಮೊದಲ ಭಾನುವಾರ ಅಂದರೆ ನಮ್ಮ ಹಬ್ಬ. ಈಗಷ್ಟೇ ಪಾರ್ಕಿನಲ್ಲಿ ಕೈ ಎತ್ತಿ ಹೋ ಹೋ ಹಾ ಹಾ ಅಂತ ನಕ್ಕು ಬಂದಿದ್ದೀರಿ. ನಗೆಕೂಟ ಹುಟ್ಟಿದ ಕಥೆ ನಿಮಗೆ ಗೊತ್ತು. 1995ರ ಮಾರ್ಚ್ 13, ಮುಂಬೈನ ಒಂದು ಪಾರ್ಕು, ಡಾ. ಮದನ್ ಕಟಾರಿಯಾ, ಬರೀ ಐದು ಜನ. ಮೊದಲು ಜೋಕು ಹೇಳಿಯೇ ನಗುತ್ತಿದ್ದರು. ಸ್ವಲ್ಪ ದಿನಕ್ಕೆ ಒಳ್ಳೆಯ ಜೋಕು ಮುಗಿದವು. ಉಳಿದವು ಕೆಲವರ ಮನಸ್ಸು ನೋಯಿಸಿದವು. ಆಗ ಜೋಕನ್ನೇ ಬಿಟ್ಟರು, ಕೂಟ ಬಿಡಲಿಲ್ಲ. ನಾನು ಹೇಳಲು ಬಂದಿರುವುದೂ ಇಷ್ಟೇ. ನಗುವುದಕ್ಕೆ ಜೋಕು ಬೇಕಿಲ್ಲ, ಜನ ಬೇಕು.

ನಮ್ಮ ಯಜಮಾನರು ತೀರಿಹೋದಮೇಲೆ ನಾನು ಹೊರಗೆ ಬರುವುದನ್ನೇ ಬಿಟ್ಟಿದ್ದೆ. ಹಾಲು, ತರಕಾರಿ, ಮಾತ್ರೆ ಎಲ್ಲ ಫೋನಿನಲ್ಲೇ. ಹುಡುಗ ಬಾಗಿಲ ಮುಂದೆ ಚೀಲ ಇಟ್ಟು ಹೋಗುತ್ತಿದ್ದ. ಅವನ ಮುಖ ಕೂಡ ನೋಡುತ್ತಿರಲಿಲ್ಲ. ಸಂಜೆ ಮಗಳು ಕಳಿಸಿದ ನಗೆ ವಿಡಿಯೋ ನೋಡುತ್ತಿದ್ದೆ. ಒಂದಾದಮೇಲೆ ಒಂದು. ನಗು ಬರುತ್ತಿರಲಿಲ್ಲ. ಒಂದು ದಿನ ಸಾರಿಗೆ ಕುದಿ ಬಂದಿದೆ, ಕೊತ್ತಂಬರಿ ಇಲ್ಲ. ಒಲೆ ಆರಿಸಿ ಬೀದಿ ಕೊನೆಗೆ ಹೋದೆ. ಸೊಪ್ಪಿನ ಅಜ್ಜಿ ಅದೇ ಮರದ ಕೆಳಗೆ, ಅದೇ ಗೋಣಿಚೀಲದ ಮೇಲೆ ಕೂತಿದ್ದರು.

“ಏನವ್ವಾ, ಕಾಣಲೇ ಇಲ್ಲ? ಮಗಳ ಮನೆಗೆ ಹೋಗಿದ್ರಾ?”

“ಇಲ್ಲ ಅಜ್ಜಿ, ಇಲ್ಲೇ ಇದ್ದೆ.”

“ಇಲ್ಲೇ ಇದ್ರಾ! ಮತ್ತೆ ನನ್ನ ಸೊಪ್ಪು ಏನು ತಪ್ಪು ಮಾಡಿತ್ತವ್ವಾ?”

ಅಂದು ಅಜ್ಜಿಯೇ ನಕ್ಕರು. ನನಗೂ ನಗು ಬಂತು. ಆಮೇಲೆ ಅಜ್ಜಿ ಕಟ್ಟಿನ ಮೇಲೊಂದು ಪುಟ್ಟ ಕಟ್ಟು ಇಟ್ಟು, “ಊಟ ಆಯ್ತಾ?” ಅಂದರು. ಆಗಿರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಅರ್ಧ ಗಂಟೆ ಮಾತಾಡಿದೆ. ಸಬ್ಬಸಿಗೆ ರೇಟು, ಅವರ ಮೊಮ್ಮಗನ ಪರೀಕ್ಷೆ, ನಮ್ಮ ಯಜಮಾನರು ಚೌಕಾಸಿ ಮಾಡುತ್ತಿದ್ದ ರೀತಿ. ಅವರ ಹೆಸರೆತ್ತಿ ನಕ್ಕಿದ್ದು ಅದೇ ಮೊದಲು. ಮನೆಗೆ ಬಂದಾಗ ಸಾರು ಆರಿ ತಣ್ಣಗಾಗಿತ್ತು. ಎರಡು ಸೌಟು ಜಾಸ್ತಿಯೇ ಉಂಡೆ.

ಇದು ನನ್ನೊಬ್ಬಳ ಅನುಭವ ಅಂತ ಬಿಡಬೇಡಿ. ಅಮೆರಿಕದಲ್ಲಿ ರಾಬರ್ಟ್ ಪ್ರೊವೈನ್ ಅಂತ ಒಬ್ಬ ವಿಜ್ಞಾನಿ ಇದ್ದರು. ಜನ ಸೇರುವ ಕಡೆ ನಿಂತು 1,200 ನಗುಗಳನ್ನು ಗಮನಿಸಿ ಬರೆದಿಟ್ಟರು. ಅದರಲ್ಲಿ ತಮಾಷೆಯ ಮಾತಿಗೆ ಬಂದ ನಗು ಐದರಲ್ಲಿ ಒಂದು ಪಾಲೂ ಇರಲಿಲ್ಲ. ಉಳಿದದ್ದೆಲ್ಲ ದಿನಬಳಕೆಯ ಮಾತಿಗೆ ಬಂದ ನಗು. ಒಬ್ಬರೇ ಇದ್ದಾಗಿಗಿಂತ ಜನರ ಜೊತೆ ಇದ್ದಾಗ ನಾವು 30 ಪಟ್ಟು ಹೆಚ್ಚು ನಗುತ್ತೇವೆ ಅಂತ ಅವರು ಕಂಡುಕೊಂಡರು. ಸೊಪ್ಪಿನ ಅಜ್ಜಿಗೆ ಇದು ಮೊದಲೇ ಗೊತ್ತಿತ್ತು, ಅಲ್ವಾ?

ಹಾಗಾಗಿ ದಿನಕ್ಕೆ ಒಂದು ಸಾಮಾನನ್ನಾದರೂ ನಡೆದು ಹೋಗಿ ತನ್ನಿ. ಹಾಲಾಗಲಿ, ಹೂವಾಗಲಿ. ತೂಕ ಹಾಕುವವರ ಮುಖ ನೋಡಿ ಒಂದು ಮಾತಾಡಿ. ನಡೆದರೆ ಬಿಸಿಲೂ ಬೀಳುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಬೇಗ ಹೇಳುತ್ತೇನೆ. ಸುಮ್ನೆ ತುಟಿ ಅರಳಿಸಿದರೆ ಖುಷಿ ಬರುತ್ತದಾ ಅಂತ ಕೇಳುತ್ತೀರಿ. 19 ದೇಶಗಳ 3,878 ಜನರ ಮೇಲೆ ಪರೀಕ್ಷೆ ಮಾಡಿ 2022ರಲ್ಲಿ ಪ್ರಕಟಿಸಿದ್ದಾರೆ. ಬರುತ್ತದೆ, ಆದರೆ ಸ್ವಲ್ಪವೇ. ಇನ್ನೊಂದು ಮಾತು ಬಿಡುವಂತಿಲ್ಲ. ಎರಡು ವಾರವಾದರೂ ಮನಸ್ಸು ಏಳದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಅದು ನಕ್ಕು ಹೋಗುವಂಥದ್ದಲ್ಲ. ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಅದರ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ನಂಬರ್ ಬರೆದುಕೊಳ್ಳಿ.

ಮೈಕ್ ಕೊಡುವ ಮೊದಲು ಒಂದು ಕೆಲಸ. ಪಕ್ಕದ ಕುರ್ಚಿಯವರ ಪರಿಚಯ ಇಲ್ಲದಿದ್ದರೂ ಪರವಾಗಿಲ್ಲ, ಅವರ ಕಡೆ ತಿರುಗಿ. ತಿಂಡಿ ಆಯ್ತಾ ಅಂತ ಕೇಳಿ.