ಅಪ್ಪನ ಜೊತೆ ವಲೆನ್ಸಿಯಾಕ್ಕೆ: ಗುರುವಾರ ಮಧ್ಯಾಹ್ನ 12ಕ್ಕೆ ಅಲ್ಲಿರಬೇಕು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಗಂಗಾವತಿ ಹತ್ತಿರದ ನಮ್ಮ ಗದ್ದೆ. ಬದುವಿನ ಮೇಲೆ ಸಲಿಕೆ ಹಿಡಿದು ನಿಂತವರು ನಮ್ಮಪ್ಪ. ಬರುವ ಸೆಪ್ಟೆಂಬರ್‌ನಲ್ಲಿ ಇವರನ್ನು ಸ್ಪೇನ್‌ನ ವಲೆನ್ಸಿಯಾಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ.

ಸಮುದ್ರ ನೋಡೋಕೆ ಅಷ್ಟು ದೂರ ಯಾಕೆ, ಗೋಕರ್ಣ ಇಲ್ವಾ ಅಂತ ಅವ್ವ ಕೇಳಿದಳು. ಆದರೆ ನಾವು ಹೋಗುತ್ತಿರುವುದು ನೆಲ್ಲು ನೋಡೋಕೆ. ವಲೆನ್ಸಿಯಾ ಊರಿಂದ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರ್ ಹೋದರೆ ಅಲ್ಬುಫೇರಾ ಅನ್ನುವ ದೊಡ್ಡ ಸರೋವರ, ಸುತ್ತ ಭತ್ತದ ಗದ್ದೆ, ಆಚೆ ಒಂದು ಮರಳಿನ ಪಟ್ಟಿ, ಅದು ದಾಟಿದರೆ ಮೆಡಿಟರೇನಿಯನ್ ಸಮುದ್ರ. ಅಲ್ಲಿ ಮೇ ತಿಂಗಳಲ್ಲಿ ಬಿತ್ತಿ ಸೆಪ್ಟೆಂಬರ್‌ನಲ್ಲಿ ಕೊಯ್ಯುತ್ತಾರೆ. ನಮ್ಮಲ್ಲಿ ಆಗ ನಾಟಿ ಮುಗಿದು ಪೈರು ಹಸಿರಾಗಿರುತ್ತದೆ. ಹತ್ತು ದಿನ ಚಿಕ್ಕಪ್ಪ ನೀರು ನೋಡಿಕೊಳ್ಳುತ್ತಾರೆ.

ಅಪ್ಪ ಒಪ್ಪಿದ್ದು ಗದ್ದೆಯ ಫೋಟೊ ನೋಡಿ ಅಲ್ಲ. ನಮ್ಮದು ಕಾಲುವೆಯ ಕೊನೆ ಭಾಗ, ಮೇಲಿನವರು ತೂಬು ಮುಚ್ಚದಿದ್ದರೆ ನಮಗೆ ನೀರಿಲ್ಲ, ಟಾರ್ಚ್ ಹಿಡಿದು ಕಾಲುವೆ ಏರಿ ಮೇಲೆ ಅಪ್ಪ ಎಷ್ಟು ರಾತ್ರಿ ಕಳೆದಿದ್ದಾರೋ ಲೆಕ್ಕವಿಲ್ಲ. ವಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ದೊಡ್ಡ ಚರ್ಚಿನ ಬಾಗಿಲ ಮುಂದೆ ಕಾಲುವೆ ನೀರಿನ ಜಗಳ ತೀರಿಸುವ ನ್ಯಾಯ ಕೂಡುತ್ತದೆ. ಎಂಟು ಕಾಲುವೆ, ಎಂಟು ಜನ, ಎಲ್ಲರೂ ರೈತರೇ ಆರಿಸಿದವರು. ಕರಿ ನಿಲುವಂಗಿ ಹಾಕಿ ಕೂರುತ್ತಾರೆ. ವಾದ ಎಲ್ಲ ಬಾಯಿಮಾತಿನಲ್ಲೇ, ತೀರ್ಪಿನ ಮೇಲೆ ಅಪೀಲು ಇಲ್ಲ. 2009ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೂ ಸೇರಿದೆ. ದೂರು ಇಲ್ಲದಿದ್ದರೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಇದನ್ನು ಹೇಳಿದಾಗ ಅಪ್ಪ ಊಟ ನಿಲ್ಲಿಸಿ ಕೇಳಿದರು: "ವಕೀಲ್ರು ಇಲ್ಲೇನು? ಹಂಗಾದ್ರ ನಡಿ, ಅದನ್ನ ನೋಡಬೇಕು."

ಹಾಗಾಗಿ ಇಡೀ ಪ್ಲಾನ್ ಆ ಗುರುವಾರದ ಸುತ್ತ. ಬೆಂಗಳೂರಿಗೆ ರಾತ್ರಿ ಬಸ್ಸು, ಕೊಲ್ಲಿ ದೇಶದಲ್ಲಿ ವಿಮಾನ ಬದಲಿಸಿ ಮಂಗಳವಾರ ಮ್ಯಾಡ್ರಿಡ್, ಅಲ್ಲಿ ಒಂದು ರಾತ್ರಿ ನಿದ್ದೆ, ಬುಧವಾರ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ. ವಿಮಾನ ತಡವಾದರೂ ಒಂದು ದಿನ ಕೈಯಲ್ಲಿರುತ್ತದೆ.

ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸದ ಆರೋಗ್ಯ ವಿಮೆ ಬೇಕು. ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್ ಸಿದ್ಧ ಇವೆ. ನನಗೆ ಚಿಂತೆ ಇರುವುದು ವೀಸಾಕ್ಕೆ ಕೊಡಬೇಕಾದ ಬೆರಳಚ್ಚಿನದು. ಮಣ್ಣಿನ ಕೆಲಸಕ್ಕೆ ಅಪ್ಪನ ಬೆರಳ ಗೆರೆ ಸವೆದುಹೋಗಿವೆ. ದಿನಾ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ, ಸುಮ್ನೆ ಕೈ ಮುಂದೆ ಚಾಚಿ ಕೂರುತ್ತಾರೆ, ಇಷ್ಟು ಹೊತ್ತು ಅವರ ಕೈ ಹಿಡಿದು ಕೂತದ್ದು ನನಗೆ ನೆನಪೇ ಇಲ್ಲ.

2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಡ್ಯಾಂನ 19ನೇ ಗೇಟ್ ಕೊಚ್ಚಿಹೋದಾಗ ಅಪ್ಪ ಎರಡು ದಿನ ಮಾತಾಡಿರಲಿಲ್ಲ. ಅದೇ ವರ್ಷ ಅಕ್ಟೋಬರ್ 29ರಂದು ವಲೆನ್ಸಿಯಾ ಸುತ್ತಲಿನ ಊರುಗಳಲ್ಲಿ ಪ್ರವಾಹ ಬಂದು 200ಕ್ಕೂ ಜಾಸ್ತಿ ಜನ ತೀರಿಕೊಂಡರು. ಅಲ್ಲಿನ ರೈತರು ಸಿಕ್ಕರೆ ಮೊದಲು ಅದನ್ನೇ ವಿಚಾರಿಸಬೇಕು ಅನ್ನುತ್ತಾರೆ ಅಪ್ಪ.

ಚೀಲಕ್ಕೆ ಖಡಕ್ ರೊಟ್ಟಿ, ಶೇಂಗಾ ಪುಡಿ. ಹಾಲಿನ ಪದಾರ್ಥ ಒಯ್ಯುವಂತಿಲ್ಲ, ತುಪ್ಪ ಇಲ್ಲೇ. ಒಂದು ಹಿಡಿ ಸೋನಾ ಮಸೂರಿ ನೆಲ್ಲು ಅಲ್ಲಿನವರಿಗೆ ಕೊಡುವ ಆಸೆ ಅಪ್ಪನಿಗಿತ್ತು. ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ಬೀಜ ಬಿಡುವುದಿಲ್ಲ, ಅಲ್ಲಿಂದ ತರೋಕೂ ಆಗದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು ಬಿಡು, ಅವರ ಬೊಂಬಾ ಅಕ್ಕಿ ಎಷ್ಟು ನೀರು ಹಿಡಿತೈತಿ ಅಂತ ಉಂಡೇ ನೋಡ್ತೀನಿ" ಅಂದರು.