ಪುಕ್ಕಟೆ ಅಂತಲ್ಲ, ನಮ್ಮದು ಅಂತ

ನಮಸ್ಕಾರ. ಇವತ್ತು ಲಿನಕ್ಸ್ ಬಗ್ಗೆ ಮಾತಾಡೋಣ. ವಿಂಡೋಸ್ ಥರ ಇದೂ ಕಂಪ್ಯೂಟರ್ ನಡೆಸುವ ಒಂದು ಆಪರೇಟಿಂಗ್ ಸಿಸ್ಟಂ.

ಲಿನಕ್ಸ್ ಅಂದ ಕೂಡಲೇ "ಓ, ಅದು ಪುಕ್ಕಟೆ ಸಿಗುತ್ತಲ್ವಾ?" ಅಂತಾರೆ. ಹೌದು, ಸಿಗುತ್ತದೆ. ಆದರೆ ನಾನು ಅದನ್ನು ಇಷ್ಟಪಡುವುದು ಅದಕ್ಕಲ್ಲ. ಇಂಗ್ಲಿಷಿನಲ್ಲಿ 'ಫ್ರೀ' ಅನ್ನುವ ಒಂದೇ ಪದ ಪುಕ್ಕಟೆಗೂ ಸ್ವತಂತ್ರಕ್ಕೂ ಸಲ್ಲುತ್ತದೆ. ನಮ್ಮಲ್ಲಿ ಎರಡು ಬೇರೆ ಬೇರೆ ಪದಗಳಿವೆ. ನಾನು ಹೇಳುತ್ತಿರುವುದು ಎರಡನೆಯದರ ಬಗ್ಗೆ.

ಇದರ ಬೇರು ಒಂದು ಪ್ರಿಂಟರ್‌ನಲ್ಲಿದೆ. ರಿಚರ್ಡ್ ಸ್ಟಾಲ್ಮನ್ ಅಮೆರಿಕದ ಎಂಐಟಿಯ ಲ್ಯಾಬ್‌ನಲ್ಲಿ ಪ್ರೋಗ್ರಾಮರ್ ಆಗಿದ್ದರು. ಅಲ್ಲಿನ ಹಳೇ ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಕೊಂಡರೆ, ಪ್ರಿಂಟ್‌ಗಾಗಿ ಕಾಯುತ್ತಿದ್ದವರಿಗೆಲ್ಲ ಸಂದೇಶ ಹೋಗುವ ಹಾಗೆ ಅವರು ಕೋಡ್ ಬರೆದಿದ್ದರು. ಆಮೇಲೆ ಹೊಸ ಪ್ರಿಂಟರ್ ಬಂತು. ಅದರಲ್ಲೂ ಪೇಪರ್ ಸಿಕ್ಕಿಕೊಳ್ಳುತ್ತಿತ್ತು. ಆದರೆ ಈ ಸಲ ಅದರ ಕೋಡ್ ಅವರ ಕೈಗೆ ಸಿಗಲೇ ಇಲ್ಲ. ರಿಪೇರಿ ಮಾಡುವುದು ಗೊತ್ತಿದ್ದವರೇ ಸುಮ್ನೆ ನಿಂತು ನೋಡಬೇಕಾಯಿತು! ಇಂಥ ಅನುಭವಗಳೇ ಅವರನ್ನು 1983ರಲ್ಲಿ ಗ್ನು ಯೋಜನೆಯವರೆಗೆ ತಂದವು. ಪೂರ್ತಿ ಆಪರೇಟಿಂಗ್ ಸಿಸ್ಟಂ ಬರೆಯಬೇಕು, ಯಾರು ಬೇಕಾದರೂ ಅದನ್ನು ಬಳಸಬೇಕು, ಬಿಚ್ಚಿ ನೋಡಬೇಕು, ತಿದ್ದಬೇಕು, ಹಂಚಬೇಕು. ಅದೇ ಗುರಿ.

ಆದರೆ ಹಾರ್ಡ್‌ವೇರ್ ಜೊತೆ ನೇರವಾಗಿ ವ್ಯವಹರಿಸುವ ಒಳಗಿನ ಭಾಗ, ಅಂದರೆ ಕರ್ನಲ್, ಬಾಕಿ ಉಳಿದಿತ್ತು. 1991ರಲ್ಲಿ ಫಿನ್‌ಲೆಂಡ್‌ನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆ ಅಂತ ಒಂದು ಕರ್ನಲ್ ಬರೆದರು. ಅದೇ ಲಿನಕ್ಸ್. ಆಗ ಅವರಿಗೆ 21 ವರ್ಷ. ಮರುವರ್ಷ ಅದನ್ನು ಜಿಪಿಎಲ್ ಪರವಾನಗಿಯಡಿ ಕೊಟ್ಟರು. ತಿದ್ದಿ ಹಂಚುವುದಾದರೆ ತಿದ್ದಿದ ಕೋಡನ್ನೂ ಕೊಡಬೇಕು ಅನ್ನುವ ಷರತ್ತು ಅದರಲ್ಲಿದೆ. ನನ್ನ ಪ್ರಕಾರ ಲಿನಕ್ಸ್ ಇಷ್ಟು ಬೆಳೆಯಲು ಈ ಷರತ್ತೇ ದೊಡ್ಡ ಕಾರಣ. ಇವತ್ತು ಆಂಡ್ರಾಯ್ಡ್ ಫೋನ್‌ಗಳ ಒಳಗೆ ಇರುವುದು ಅದೇ ಕರ್ನಲ್. ಜಗತ್ತಿನ ಅತಿ ವೇಗದ 500 ಕಂಪ್ಯೂಟರ್‌ಗಳನ್ನು ಹೆಸರಿಸುವ ಟಾಪ್500 ಪಟ್ಟಿಯ ಸೂಪರ್‌ಕಂಪ್ಯೂಟರ್‌ಗಳೂ 2017ರ ನವೆಂಬರ್‌ನಿಂದ ಎಲ್ಲವೂ ಲಿನಕ್ಸೇ.

ಈಗ ನಿಮ್ಮ ಹಳೇ ಲ್ಯಾಪ್‌ಟಾಪ್ ವಿಷಯಕ್ಕೆ ಬರೋಣ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಎಷ್ಟೋ ಮೆಷಿನ್‌ಗಳು ಗಟ್ಟಿಮುಟ್ಟಾಗಿದ್ದರೂ ವಿಂಡೋಸ್ 11 ಕೇಳುವ ಹಾರ್ಡ್‌ವೇರ್ ಅವುಗಳಲ್ಲಿಲ್ಲ. ಚೆನ್ನಾಗಿ ಓಡುವ ಮೆಷಿನ್ನನ್ನು ಮೂಲೆಗೆ ಹಾಕುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಲಿನಕ್ಸ್ ಹಲವು ರೂಪಗಳಲ್ಲಿ ಸಿಗುತ್ತದೆ. ಅವುಗಳಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್ ಡೌನ್‌ಲೋಡ್ ಮಾಡಿ, ಒಂದು ಖಾಲಿ ಪೆನ್‌ಡ್ರೈವ್‌ಗೆ ಬರೆದುಕೊಳ್ಳಿ. ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಿ, ಅಂದರೆ ಶುರು ಮಾಡಿ. ಇನ್‌ಸ್ಟಾಲ್ ಮಾಡದೆಯೇ ಎಲ್ಲ ಬಳಸಿ ನೋಡಬಹುದು. ವೈಫೈ ಸಿಗುತ್ತದಾ? ಸೌಂಡ್ ಬರುತ್ತದಾ? ಫೋಟೋಶಾಪ್ ಇಲ್ಲದೆ ನಿಮ್ಮ ಕೆಲಸ ನಡೆಯುವುದೇ ಇಲ್ಲವಾದರೆ ಲಿನಕ್ಸ್ ನಿಮಗೆ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಬ್ರೌಸರ್, ಮೇಲ್, ಬರವಣಿಗೆ, ವಿಡಿಯೋ ಇಷ್ಟೇ ಆದರೆ ಧೈರ್ಯವಾಗಿ ನೋಡಿ. ಹಿಡಿಸದಿದ್ದರೆ ಶಟ್‌ಡೌನ್ ಮಾಡಿ ಪೆನ್‌ಡ್ರೈವ್ ತೆಗೆಯಿರಿ. ನಿಮ್ಮ ಹಳೇ ಸಿಸ್ಟಂ ಇದ್ದ ಹಾಗೇ ಇರುತ್ತದೆ.